ಕೊಪ್ಪಳ ಸೀಮೆಯಲ್ಲಿ ದಂಡನೀತಿಯೂ ಫಿರ್ಯಾದಿಯ ಹಾದಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಇತಿಹಾಸವನ್ನು ಬರೆದವರು ಕೋಟೆಗಳ ಮುತ್ತಿಗೆಯನ್ನೂ ದೇವಾಲಯಗಳ ಶಿಲ್ಪವನ್ನೂ ದಾನಶಾಸನಗಳ ಭೂಮಿತಿಯನ್ನೂ ವಿಸ್ತಾರವಾಗಿ ವರ್ಣಿಸಿರುವರು. ಯಾವ ಅರಸನು ಯಾವ ಅರಸನನ್ನು ಗೆದ್ದನೆಂಬುದು ನಮ್ಮ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಆ ಅರಸನ ತಳವಾರನು ನಡುರಾತ್ರಿಯಲ್ಲಿ ಬಂದು ಒಬ್ಬ ಬಡ ಒಕ್ಕಲಿಗನ ಬಾಗಿಲನ್ನು ತಟ್ಟಿದರೆ ಅವನಿಗೆ ಏನು ಗತಿಯಿದ್ದಿತು, ಕಳವಾದ ಎತ್ತಿಗಾಗಿ ಮೊರೆಯಿಡಬೇಕಾದರೆ ಅವನು ಯಾರ ಮುಂದೆ ನಿಲ್ಲಬೇಕಾಗಿದ್ದಿತು, ನಿಂತರೆ ಅವನ ಮಾತನ್ನು ಯಾರು ಬರೆದುಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಆ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯುವುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಹೇಳಿಬಿಡುವೆನು. ದಂಡವನ್ನು ಹಿಡಿದವನೂ ದಂಡಕ್ಕೆ ಒಳಪಟ್ಟವನೇ ಎಂಬ ನಿಯಮವು ಆಂಗ್ಲರಿಂದ ನಮಗೆ ಬಂದಿತೆಂದು ಅನೇಕ ವಿದ್ಯಾವಂತರು ತಿಳಿದಿರುವರು. ಇದು ಸರಿಯಲ್ಲ. ಆ ನಿಯಮವು ಈ ನಾಡಿನಲ್ಲಿ ಕಲ್ಲಿನ ಮೇಲೆಯೂ ಓಲೆಯ ಮೇಲೆಯೂ ಬಹುಕಾಲದಿಂದ ಇದ್ದಿತು. ಇಲ್ಲದಿದ್ದುದು, ಇಂದಿಗೂ ಪೂರ್ತಿಯಾಗಿ ದೊರೆಯದಿರುವುದು, ನೊಂದವನ ಬಾಯಿಂದ ಹೊರಟ ಮಾತು ಅಧಿಕಾರಿಯ ಕಾಗದದವರೆಗೆ ಕೆಡದೆ ತಲಪುವ ಹಾದಿ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಲಘುಶಿಲಾಶಾಸನಗಳಿರುವುದು ಸರ್ವವಿದಿತ. 1931ರಲ್ಲಿ ನಮ್ಮ ಊರಿನವರೇ ಆದ ಎನ್. ಬಿ. ಶಾಸ್ತ್ರಿಗಳು ಅವುಗಳನ್ನು ಗುರುತಿಸಿದರು. ಆರ್. ಎಲ್. ಟರ್ನರ್ ಎಂಬ ವಿದ್ವಾಂಸರು ಅವುಗಳ ಪಾಠವನ್ನು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಧರ್ಮದ ಪ್ರಯತ್ನವು ದೊಡ್ಡವರಿಗೆ ಮಾತ್ರವೇ ಸಾಧ್ಯವೆಂದು ತಿಳಿಯಬಾರದು, ಸಣ್ಣವನೂ ಪ್ರಯತ್ನಿಸಿದರೆ ಸ್ವರ್ಗವನ್ನು ಪಡೆಯಬಲ್ಲನು ಎಂಬುದು ಆ ಶಾಸನದ ಸಾರ. ಆದರೆ ಸೆರೆಮನೆಯ ಮಾತನ್ನು ಅಶೋಕನು ಆಡಿರುವುದು ಬೇರೆ ಕಡೆ. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಅವನು ನಗರದ ನ್ಯಾಯಾಧಿಕಾರಿಗಳನ್ನು ಕುರಿತು ಪ್ರತ್ಯೇಕವಾಗಿ ಬರೆಯಿಸಿದ ಆಜ್ಞೆಯೊಂದುಂಟು. ನಿಮ್ಮ ಕೈಯಲ್ಲಿ ಸಹಸ್ರಾರು ಪ್ರಾಣಗಳಿವೆ; ಪ್ರಜೆಗಳೆಲ್ಲರೂ ನನ್ನ ಮಕ್ಕಳು; ಯಾವನೋ ಒಬ್ಬನು ಬಂಧನಕ್ಕೋ ಹಿಂಸೆಗೋ ಗುರಿಯಾಗುವನು, ಅದು ಕಾರಣವಿಲ್ಲದೆಯೂ ಆಗಬಹುದು; ಆದುದರಿಂದ ನೀವು ಮಧ್ಯಮಮಾರ್ಗದಲ್ಲಿ ನಡೆಯಬೇಕು; ಅಸೂಯೆ, ಕೋಪ, ನಿಷ್ಠುರತೆ, ಆತುರ, ಅನಭ್ಯಾಸ, ಆಲಸ್ಯ, ಬಳಲಿಕೆಗಳಿಂದ ಕೂಡಿದವನು ಹಾಗೆ ನಡೆಯಲಾರನು ಎಂಬುದು ಅದರ ಅಭಿಪ್ರಾಯ. ಬಳಲಿಕೆಯನ್ನೂ ಒಂದು ದೋಷವೆಂದು ಗಣಿಸಿದ್ದನ್ನು ವಾಚಕರು ಗಮನಿಸಬೇಕು. ಹಗಲೆಲ್ಲ ಬಂದೋಬಸ್ತಿನಲ್ಲಿ ನಿಂತು ಸಾಯಂಕಾಲ ಠಾಣೆಗೆ ಮರಳಿದ ಪೇದೆಯ ಮುಂದೆ ಫಿರ್ಯಾದಿಯಾಗಿ ನಿಂತವರಿಗೆ ಇದರ ಅರ್ಥ ಚೆನ್ನಾಗಿ ಆಗುವುದು.

ಕಳಿಂಗದ ಈ ಆಜ್ಞೆಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. 1986ರವರೆಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ವರ್ಷ ಕಲಬುರ್ಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದೊಳಗಿನ ಕಾಳಿಕಾಲಯದ ಛಾವಣಿಯು ಕುಸಿಯಲಾಗಿ, ದೇವಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಗಳ ಮೇಲೆ ಅಶೋಕನ ಬ್ರಾಹ್ಮೀ ಅಕ್ಷರಗಳು ಕಾಣಿಸಿದುವು. ಒಂದು ಮೈಯಲ್ಲಿ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಶಿಲಾಶಾಸನಗಳ ಪಾಠ. ಇನ್ನೊಂದರಲ್ಲಿ ಮೇಲೆ ಹೇಳಿದ ಪ್ರತ್ಯೇಕ ಶಾಸನಗಳ ಭಾಗಗಳು. ಅಂದಮೇಲೆ ಅಧಿಕಾರಿಗಳಿಗೆ ಕೊಟ್ಟ ಆ ಎಚ್ಚರಿಕೆಯು ಕನ್ನಡನಾಡಿನಲ್ಲಿಯೂ ಕಲ್ಲಿನ ಮೇಲೆ ನಿಂತಿದ್ದಿತು. ಅದನ್ನು ತಿಷ್ಯಾ ನಕ್ಷತ್ರದ ದಿನಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ನಡುವೆ ಸಂದರ್ಭ ಬಂದಾಗ ಒಬ್ಬನೇ ಕೇಳುವವನಿದ್ದರೂ ಓದಬೇಕು, ಐದೈದು ವರ್ಷಗಳಿಗೊಮ್ಮೆ ಮೃದುಸ್ವಭಾವದ ಮಹಾಮಾತ್ರನೊಬ್ಬನು ಸಂಚರಿಸಿ ಪರೀಕ್ಷಿಸಬೇಕು ಎಂಬ ವಿಧಿಯೂ ಆ ಆಜ್ಞೆಯಲ್ಲಿಯೇ ಇದೆ. ಮುಂದಿನವರು ಆ ಕಲ್ಲಿನಲ್ಲಿ ರಂಧ್ರವನ್ನು ಕೊರೆದು ವಿಗ್ರಹವನ್ನು ನಿಲ್ಲಿಸಿದರು. ನಡುವಿನ ಅಕ್ಷರಗಳು ಹೋದುವು.

ಅಶೋಕನ ತರುವಾಯದ ಧರ್ಮಶಾಸ್ತ್ರಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚಾಗಿ ನಿಲ್ಲುವೆನು. ಪಾಠಶಾಲೆಯಲ್ಲಿ ಓದಿದವನಿಗೆ ಇದು ಪರಿಚಿತ ಬೀದಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. ಅದೇ ದೊರೆಯ ದಂಡನಾಯಕನಾದ ಮಹಾದೇವನು 1112ರಲ್ಲಿ ನಮ್ಮ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ದೇವಾಲಯವನ್ನು ಕಟ್ಟಿಸಿದನು. ಇಟಗಿಯ ಕಂಬಗಳನ್ನು ನೋಡಲು ದೂರದೂರದಿಂದ ಜನರು ಬರುವರು; ಅದೇ ಆಳಿಕೆಯಲ್ಲಿ ಹುಟ್ಟಿದ ಮಿತಾಕ್ಷರೆಯ ಹೆಸರನ್ನು ಕೇಳಿದವರು ವಕೀಲರು ಮಾತ್ರ. ಅವರೂ ಅದನ್ನು ದಾಯಭಾಗದ, ಎಂದರೆ ಆಸ್ತಿಪಾಲಿನ ಪುಸ್ತಕವೆಂದೇ ತಿಳಿದಿರುವರು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಇಂಗ್ಲಿಷಿಗೆ ತಿರುಗಿಸಿದ್ದು ದಾಯಭಾಗವೊಂದನ್ನೇ. ಕೋರ್ಟುಗಳು ಅಷ್ಟನ್ನೇ ಓದಿದುವು. ಮಿಕ್ಕ ವ್ಯವಹಾರಾಧ್ಯಾಯದಲ್ಲಿ ನಮಗೆ ಈಗ ಬೇಕಾದ ವಿಷಯವು ಬೇಕಾದಷ್ಟಿದೆ.

ಯಾಜ್ಞವಲ್ಕ್ಯನ ಮತದಂತೆ, ಬಂಧನಕ್ಕೆ ಅರ್ಹನಲ್ಲದವನನ್ನು ಕಟ್ಟಿಹಾಕುವ ಅಧಿಕಾರಿಯೂ, ಕಟ್ಟಿದವನನ್ನು ವಿಚಾರಣೆ ಮುಗಿಯುವ ಮೊದಲೇ ಬಿಟ್ಟುಬಿಡುವ ಅಧಿಕಾರಿಯೂ ಉತ್ತಮಸಾಹಸವೆಂಬ ಅತ್ಯಂತ ದೊಡ್ಡ ದಂಡವನ್ನು ತೆರಬೇಕು. ತಪ್ಪಾಗಿ ತೀರ್ಪಾದ ವ್ಯವಹಾರವನ್ನು ಅರಸನು ಪುನಃ ಪರೀಕ್ಷಿಸಿ, ತಪ್ಪು ತೀರ್ಪಿತ್ತ ಸಭ್ಯರಿಗೂ ಅದರಿಂದ ಗೆದ್ದವನಿಗೂ ವಿವಾದದ ಮೊತ್ತದ ಇಮ್ಮಡಿಯನ್ನು ವಿಧಿಸಬೇಕು. ಕಳ್ಳರು ಒಯ್ದ ಪ್ರಜೆಯ ವಸ್ತುವನ್ನು ಅರಸನು ತುಂಬಿಕೊಡಬೇಕು. ಲಂಚದಿಂದ ಜೀವಿಸುವ ಅಧಿಕಾರಿಯ ಸರ್ವಸ್ವವನ್ನೂ ಕಸಿದುಕೊಂಡು ನಾಡಿನಿಂದ ಹೊರಡಿಸಬೇಕು. ವಂಚಕರು, ಕಳ್ಳರು, ದರೋಡೆಕೋರರಿಂದ ಪೀಡಿತರಾದ ಪ್ರಜೆಗಳನ್ನು ರಕ್ಷಿಸಬೇಕು, ವಿಶೇಷವಾಗಿ ಲೆಕ್ಕಪತ್ರ ಬರೆಯುವವರಿಂದ ರಕ್ಷಿಸಬೇಕು ಎಂದು ಆ ಸ್ಮೃತಿಕಾರನು ಹೇಳಿರುವನು. ಕಚೇರಿಯ ಅನುಭವವಿಲ್ಲದವನು ಹೀಗೆ ಬರೆಯಲಾರನು. ಇನ್ನೊಂದು ವಿಧಿಯು ಇದಕ್ಕಿಂತಲೂ ಸ್ವಾರಸ್ಯವಾದುದು. ಅರಸನು ಅನ್ಯಾಯವಾಗಿ ವಸೂಲು ಮಾಡಿದ ದಂಡದ ಮೂವತ್ತು ಪಾಲನ್ನು ವರುಣನಿಗೆ ಅರ್ಪಿಸಿ ಬ್ರಾಹ್ಮಣರಿಗೆ ಕೊಡಬೇಕೆಂದು ಮೂಲದಲ್ಲಿದೆ. ಇಷ್ಟೇ ಆಗಿದ್ದರೆ ದಂಡ ತೆತ್ತ ಬಡವನಿಗೆ ಏನು ಬಂದಂತಾಯಿತು? ವಿಜ್ಞಾನೇಶ್ವರನು ಈ ಪ್ರಶ್ನೆಯನ್ನು ಕಂಡುಕೊಂಡು, ಯಾರಿಂದ ಎಷ್ಟು ಅನ್ಯಾಯವಾಗಿ ತೆಗೆದುಕೊಂಡಿತೋ ಅಷ್ಟನ್ನು ಅವನಿಗೇ ಹಿಂದಿರುಗಿಸಬೇಕು, ಇಲ್ಲದಿದ್ದರೆ ಅರಸನಿಗೆ ಅಪಹಾರದ ದೋಷವು ಬರುವುದು ಎಂದು ಸೇರಿಸಿರುವನು. ಕನ್ನಡನಾಡಿನ ವ್ಯಾಖ್ಯಾನಕಾರನ ಈ ಒಂದು ವಾಕ್ಯಕ್ಕಾಗಿ ನಾನು ಅವನಿಗೆ ಕೈಮುಗಿಯುವೆನು.

ಫಿರ್ಯಾದಿಯ ಮಾತನ್ನು ಬರೆದುಕೊಳ್ಳುವ ವಿಧಾನವನ್ನೂ ಆ ಸ್ಮೃತಿಯು ಹೇಳಿದೆ. ಅರ್ಥಿಯು ಹೇಗೆ ನಿವೇದಿಸಿದನೋ ಹಾಗೆಯೇ, ಪ್ರತ್ಯರ್ಥಿಯ ಎದುರಿಗೆ, ವರ್ಷ ತಿಂಗಳು ದಿನ ಹೆಸರು ಜಾತಿಗಳೊಡನೆ ಬರೆಯಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಇನ್ನೊಂದು ಮುಖವುಂಟು. (ಆ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ.) ವ್ಯವಹಾರಕ್ಕಾಗಿ ಬಂದವನನ್ನು ಗದರಿಸುವ, ಹೊರಗೆ ದಬ್ಬುವ, ಬಾಯಿ ಮುಚ್ಚಿಸುವ ನ್ಯಾಯಾಧಿಕಾರಿಗೆ ಅವನು ದಂಡವನ್ನು ಹೇಳಿರುವನು. ಹೇಳಿದ್ದನ್ನು ಬರೆಯದ, ಹೇಳದೆ ಇದ್ದುದನ್ನು ಬರೆಯುವ ಲೇಖಕನಿಗೂ ಹೇಳಿರುವನು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಪ್ರಾಚೀನರ ಸ್ತುತಿಯಾಗುವುದೇ ಹೊರತು ಇತಿಹಾಸವಾಗದು. ಅದೇ ಸ್ಮೃತಿಯ ವಾಕ್ಪಾರುಷ್ಯ ದಂಡಪಾರುಷ್ಯ ಪ್ರಕರಣಗಳನ್ನು ತೆರೆದು ನೋಡಿದರೆ, ಬೈದವನೂ ಬೈಸಿಕೊಂಡವನೂ ಯಾವ ವರ್ಣದವರೆಂಬುದರ ಮೇಲೆ ದಂಡವು ಇಮ್ಮಡಿ ಮುಮ್ಮಡಿಯಾಗುವುದು, ಅರ್ಧಕ್ಕೆ ಇಳಿಯುವುದು. ಅಬ್ರಾಹ್ಮಣನು ಯಾವ ಅಂಗದಿಂದ ಬ್ರಾಹ್ಮಣನನ್ನು ಪೀಡಿಸಿದನೋ ಆ ಅಂಗವನ್ನೇ ಕತ್ತರಿಸಬೇಕೆಂದಿದೆ. ಊರ ಹೊರಗಿನ ಕೇರಿಯವನು ಅರ್ಥಿಯಾಗಿ ಆ ಸಭೆಯ ಬಾಗಿಲವರೆಗಾದರೂ ಬರಬಲ್ಲನೇ ಎಂಬ ಯೋಚನೆಯೇ ಶಾಸ್ತ್ರಕಾರರಿಗೆ ಇರಲಿಲ್ಲ. ಮತ್ತೊಂದು ತೊಡಕೂ ಇತ್ತು. ನೊಂದವನು ತಾನಾಗಿ ಬಂದು ನಿವೇದಿಸಿದರೆ ಮಾತ್ರ ವ್ಯವಹಾರವು ಹುಟ್ಟುವುದು. ಅರಸನಾಗಲಿ ಅವನ ಪುರುಷನಾಗಲಿ ತಾನೇ ವ್ಯವಹಾರವನ್ನು ಎಬ್ಬಿಸಬಾರದು ಎಂದು ಮನುವು ಹೇಳಿದ್ದನ್ನು ಮಿತಾಕ್ಷರೆಯೂ ಒಪ್ಪಿದೆ. ಅರಸನು ಹಣದಾಸೆಯಿಂದ ಸುಳ್ಳು ವ್ಯಾಜ್ಯಗಳನ್ನು ಹೂಡಬಾರದೆಂಬುದು ಇದರ ಸದುದ್ದೇಶ. ಆದರೆ ಬರಲು ಧೈರ್ಯವಿಲ್ಲದವನ ಪಾಲಿಗೆ ಇದೇ ಮುಚ್ಚಿದ ಕದವಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕುಷ್ಟಗಿ ತಾಲೂಕಿನ ವಿಷಯವನ್ನು ಹೇಳುವಾಗ ಇದರ ಅಗತ್ಯ ಬೀಳುವುದು.

ವಿಜಯನಗರದ ಕಾಲಕ್ಕೆ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯು ಆ ಮಹಾನಗರದ ಉತ್ತರದ ಹೊಸ್ತಿಲಾಗಿದ್ದಿತು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರದ ಕೋತವಾಲನ ಕೈಕೆಳಗೆ ಹನ್ನೆರಡು ಸಾವಿರ ಕಾವಲಿನವರಿದ್ದರೆಂದೂ ಅವರ ಸಂಬಳವು ವೇಶ್ಯಾವಾಟಿಕೆಯ ಆದಾಯದಿಂದ ಸಲ್ಲುತ್ತಿದ್ದಿತೆಂದೂ ಬರೆದಿರುವನು. ಕಳವಾದುದನ್ನು ಅವರು ಹುಡುಕಿಕೊಡಬೇಕು, ಇಲ್ಲವಾದರೆ ದಂಡ ತೆರಬೇಕು ಎಂದೂ ಅವನು ಹೇಳುವನು. ಯಾಜ್ಞವಲ್ಕ್ಯನ ವಿಧಿಯು ಕಾಗದದ ಮೇಲೆ ಮಾತ್ರವೇ ಇರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷ್ಯ.

ವಿಜಯನಗರವು ಅಳಿದ ಮೇಲಿನ ಪಾಳೆಯಗಾರರ, ಮರಾಠರ, ಟೀಪುವಿನ ದಿನಗಳನ್ನು ಇಲ್ಲಿ ಬಿಟ್ಟುಬಿಡುವೆನು. ನಿಜಾಮರ ಆಳಿಕೆಯಲ್ಲಿ ಕೊಪ್ಪಳವೂ ಯಲಬುರ್ಗವೂ ದಿವಾಣ ಸಾಲಾರ್ ಜಂಗರ ಮನೆತನದ ಜಹಗೀರಾಗಿದ್ದುವು. ಕುಷ್ಟಗಿಯೂ ಗಂಗಾವತಿಯ ಬಹುಭಾಗವೂ ನೇರವಾಗಿ ಸರಕಾರಕ್ಕೆ ಸೇರಿದ್ದುವು. ಆನೆಗೊಂದಿಯದು ಬೇರೆಯೇ ಸಂಸ್ಥಾನ. ದೊಡ್ಡ ಜಹಗೀರುದಾರರಿಗೆ ತಮ್ಮದೇ ಪೋಲೀಸರೂ ನ್ಯಾಯಾಧಿಕಾರವೂ ಇದ್ದುವು. ಹೀಗೆ ಒಂದು ಹಳ್ಳದ ಈಚೆಗೆ ಒಬ್ಬನ ದಂಡ, ಆಚೆಗೆ ಇನ್ನೊಬ್ಬನ ದಂಡ. 1858ರ ಜೂನ್ ತಿಂಗಳಲ್ಲಿ ಮುಂಡರಗಿ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದಾಗ, ಸೆರೆಸಿಕ್ಕಿದವರ ವಿಚಾರಣೆಯು ಯಾವ ಸ್ಮೃತಿಯಂತೆಯೂ ನಡೆಯಲಿಲ್ಲ, ಯಾವ ಕೋಡಿನಂತೆಯೂ ನಡೆಯಲಿಲ್ಲ. ದಂಡಿನವರ ತೀರ್ಮಾನವೇ ತೀರ್ಪಾಯಿತು.

ಮೊದಲನೆಯ ಸಾಲಾರ್ ಜಂಗರು ದೊಡ್ಡ ಆಡಳಿತಗಾರರು; 1865ರಲ್ಲಿ ಜಿಲ್ಲೆಗಳನ್ನು ರಚಿಸಿದರು, ಪೋಲೀಸು ಮತ್ತು ನ್ಯಾಯಾಲಯಗಳಿಗೆ ಒಂದು ಕ್ರಮವನ್ನು ತಂದರು. 1921ರ ಫರ್ಮಾನಿನಿಂದ ಹೈದರಾಬಾದು ಸಂಸ್ಥಾನದಲ್ಲಿ ನ್ಯಾಯಾಂಗವು ಕಾರ್ಯಾಂಗದಿಂದ ಬೇರ್ಪಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಜಿಲ್ಲಾ ಕಲೆಕ್ಟರನೇ ಮ್ಯಾಜಿಸ್ಟ್ರೇಟನಾಗಿ ಕುಳಿತಿದ್ದ ದಿನಗಳಲ್ಲಿ ಇದು ನಿಜಕ್ಕೂ ಮುಂದಿಟ್ಟ ಹೆಜ್ಜೆ. ನಿಜಾಮನನ್ನು ಬಯ್ಯುವುದೊಂದೇ ಇತಿಹಾಸವೆಂದು ತಿಳಿದವರು ಇದನ್ನು ಮರೆಯುವರು. ಆದರೆ ಆ ನ್ಯಾಯಾಲಯದ ಭಾಷೆಯು ಮೊದಲು ಪಾರಸಿ, 1880ರ ದಶಕದಿಂದ ಈಚೆಗೆ ಉರ್ದು. ಎಲ್ಲ ವಿಷಯವೂ ಇಲ್ಲಿಯೇ ಇದೆ. ಅರ್ಥಿಯು ಕನ್ನಡದಲ್ಲಿ ಹೇಳುವನು, ಬರೆಯುವವನು ಉರ್ದುವಿನಲ್ಲಿ ಬರೆಯುವನು, ಅರ್ಥಿಯು ತನಗೆ ತಿಳಿಯದ ಲಿಪಿಯ ಕೆಳಗೆ ಹೆಬ್ಬೆಟ್ಟನ್ನು ಒತ್ತುವನು. ಹೇಳಿದಂತೆಯೇ ಬರೆಯಬೇಕೆಂಬ ಯಾಜ್ಞವಲ್ಕ್ಯನ ಮಾತು ಇಲ್ಲಿ ಯಾರಿಂದಲೂ ಉಲ್ಲಂಘಿತವಾಗದೆ ತಾನಾಗಿಯೇ ನಷ್ಟವಾಯಿತು. ಇಂದಿಗೂ ನಮ್ಮ ಕಡೆಯ ಕೋರ್ಟಿನ ಕನ್ನಡದಲ್ಲಿ ಮಹಜರು, ಪಂಚನಾಮೆ, ಜಾಮೀನು, ಮುಚ್ಚಳಿಕೆ, ಜಪ್ತಿ, ಕೈದಿ, ವಕೀಲ ಎಂಬ ಶಬ್ದಗಳೇ ಆಳುತ್ತಿವೆ. ಇವುಗಳ ಮೇಲೆ ನನಗೆ ದ್ವೇಷವಿಲ್ಲ. ಊಟದ ಎಲೆಯಲ್ಲಿ ರೊಟ್ಟಿಯಷ್ಟೇ ಅವು ನಮ್ಮವಾಗಿವೆ. ಫಿರ್ಯಾದಿಯೆಂಬ ಶಬ್ದದ ಮೂಲವಾದ ಫರ್ಯಾದ್ ಎಂಬುದಕ್ಕೆ ಪಾರಸಿಯಲ್ಲಿ ಆರ್ತಸ್ವರ, ಕೂಗು ಎಂದೇ ಅರ್ಥ. ಆವೇದನ ಎಂಬ ಸಂಸ್ಕೃತ ಶಬ್ದಕ್ಕಿಂತ ಇದರಲ್ಲಿ ಹೆಚ್ಚು ಸತ್ಯವಿದೆಯೆಂದು ನನಗೆ ತೋರುವುದು.

ಆರ್ತನ ಕೂಗಿಗೂ ಅಪ್ಪಣೆ ಬೇಕಾದ ಕಾಲವೊಂದು ಬಂದಿತು. 1920ರ ದಶಕದಲ್ಲಿ ಹೊರಟ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯು ಸಭೆ ಸೇರುವುದಕ್ಕೆ ಮುಂಚಿತವಾಗಿ ಅನುಮತಿಯನ್ನು ಪಡೆಯಬೇಕೆಂದು ವಿಧಿಸಿತು. 1947–48ರಲ್ಲಿ ರಜಾಕಾರರ ಹಾವಳಿಯಾದಾಗ ಹಳ್ಳಿಗರಿಗೆ ಠಾಣೆಯೇ ಭಯಸ್ಥಾನವಾಯಿತು. ಆಗ ಕೊಪ್ಪಳ ತಾಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರವನ್ನು ಹೂಡಿ ಹೋರಾಡಿದುದು ಪ್ರಸಿದ್ಧ ಸಂಗತಿ. ಮುಂದೆ 1952ರಲ್ಲಿ ಅವರೇ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಹೋದರು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಸೈನಿಕ ಕಾರ್ಯಾಚರಣೆಗೆ ‘ಪೋಲೀಸ ಕಾರ್ಯಾಚರಣೆ’ ಎಂಬ ಹೆಸರು ಬಂದುದು ವಿಚಿತ್ರವೇ. ಅದರ ಬೆನ್ನಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರೂ ಬಹಳ ಕಷ್ಟಪಟ್ಟರೆಂಬುದನ್ನು ಪಂಡಿತ ಸುಂದರಲಾಲರ ಸಮಿತಿಯು ದಾಖಲಿಸಿತು. ಆ ಫಿರ್ಯಾದುಗಳೂ ಬಹುಕಾಲ ಕಪಾಟಿನಲ್ಲಿಯೇ ಇದ್ದುವು.

1949ರಲ್ಲಿ ಜಹಗೀರುಗಳು ರದ್ದಾದುವು. 1950ರ ಜನವರಿ 26ರಂದು ಸಂವಿಧಾನವು ಬಂದಿತು. ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ವಕೀಲನನ್ನು ಕಾಣಗೊಡಬೇಕು, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು 22ನೆಯ ಅನುಚ್ಛೇದವು ಹೇಳುವುದು. 1951ರ ಏಪ್ರಿಲ್ 1ರಿಂದ ಭಾರತದ ದಂಡಸಂಹಿತೆಯೂ ದಂಡಪ್ರಕ್ರಿಯಾಸಂಹಿತೆಯೂ ಹೈದರಾಬಾದು ರಾಜ್ಯಕ್ಕೆ ವಿಸ್ತರಿಸಿದುವು. 1956ರಲ್ಲಿ ನಾವು ಕನ್ನಡಿಗರ ರಾಜ್ಯಕ್ಕೆ ಬಂದೆವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾಯಿತು. 2008ರಿಂದ ಧಾರವಾಡದಲ್ಲಿ ಉಚ್ಚನ್ಯಾಯಾಲಯವು ಕುಳಿತುಕೊಳ್ಳುತ್ತಿರುವುದರಿಂದ ಬೆಂಗಳೂರಿನ ದಾರಿಯ ವೆಚ್ಚವು ತಪ್ಪಿತು. ದಾರಿಯ ವೆಚ್ಚವೂ ನ್ಯಾಯದ ಒಂದು ಅಂಗವೆಂಬುದನ್ನು ಧನಿಕರು ತಿಳಿಯರು.

ಹೀಗಿರಲು ಠಾಣೆಯೊಳಗಿನ ಆಚಾರವು ಪುಸ್ತಕದಂತೆ ಬದಲಾಗಲಿಲ್ಲ. ಪಶ್ಚಿಮ ಬಂಗಾಲದ ಕಾನೂನು ನೆರವಿನ ಸಂಸ್ಥೆಯ ಮುಖ್ಯಸ್ಥರಾದ ಡಿ. ಕೆ. ಬಸು ಅವರು ಠಾಣೆಗಳಲ್ಲಾದ ಸಾವುಗಳ ವಿಷಯವಾಗಿ 1986ರಲ್ಲಿ ಬರೆದ ಒಂದು ಕಾಗದವನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯಾಗಿ ತೆಗೆದುಕೊಂಡು, 1996ರ ಡಿಸೆಂಬರ್ 18ರಂದು ತೀರ್ಪಿತ್ತಿತು. ಬಂಧಿಸುವವನ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನದ ಪತ್ರವನ್ನು ಬರೆದು ಮನೆಯವನೋ ಊರ ಗಣ್ಯನೋ ಒಬ್ಬನ ಸಾಕ್ಷಿಯನ್ನು ಹಾಕಿಸಬೇಕು. ಬಂಧುವಿಗೆ ಸುದ್ದಿ ಮುಟ್ಟಿಸಬೇಕು. 48 ಗಂಟೆಗಳಿಗೊಮ್ಮೆ ವೈದ್ಯನು ಪರೀಕ್ಷಿಸಬೇಕು. 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ, ಮದ್ದು ಕೊಟ್ಟು ಬಾಯಿ ಬಿಡಿಸುವ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದೆಂದಾಯಿತು. 2013ರಲ್ಲಿ ಲಲಿತಾಕುಮಾರಿಯ ಮೊಕದ್ದಮೆಯಲ್ಲಿ, ಪೋಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿಯು ಬಂದರೆ ಅದನ್ನು ದಾಖಲಿಸಲೇಬೇಕೆಂದು ಐವರು ನ್ಯಾಯಾಧೀಶರು ನಿರ್ಣಯಿಸಿದರು. ಹೇಳಿದಂತೆಯೇ ಬರೆಯಬೇಕೆಂಬ ವಿಧಿಗೆ ಬರೆಯಲೇಬೇಕೆಂಬ ವಿಧಿಯು ಹೀಗೆ ಜೊತೆಯಾಯಿತು.

ಇದರ ಅವಶ್ಯಕತೆ ಎಷ್ಟಿತ್ತೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುವೆನು. ಠಾಣೆಯ ಹೆಸರೂ ಊರಿನ ಹೆಸರೂ ಬೇಡ. ನನ್ನ ಶಾಲೆಯ ಹುಡುಗನೊಬ್ಬನ ತಾಯಿ, ವಿಧವೆ, ಏಳು ಕುರಿಗಳನ್ನು ಕಳೆದುಕೊಂಡು ಠಾಣೆಗೆ ಹೋದಳು. ಕುರಿ ಕಳವಾದ ಹೊಲವು ಇನ್ನೊಂದು ಠಾಣೆಯ ಸರಹದ್ದಿನದೆಂದು ಅಲ್ಲಿ ಹೇಳಿದರು. ಆ ಇನ್ನೊಂದು ಠಾಣೆಯಲ್ಲಿ, ನಿನ್ನ ಮನೆ ಎಲ್ಲಿಯೋ ಅಲ್ಲಿಯೇ ಕೊಡು ಎಂದರು. ಮೂರನೆಯ ದಿನ ಆಕೆ ಶಾಲೆಗೆ ಬಂದು ಅರ್ಜಿ ಬರೆದುಕೊಡಿರೆಂದಳು. ಆಕೆ ಹೇಳುತ್ತಾ ಹೋದಂತೆ ಬರೆದು, ಓದಿ ಹೇಳಿ, ಮೇಲಧಿಕಾರಿಗಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆವು. ಠಾಣೆಯವರು ನಿರಾಕರಿಸಿದರೆ ಹಾಗೆ ಕಳುಹಿಸಬಹುದೆಂದು ಆಗಿನ ಸಂಹಿತೆಯಲ್ಲಿಯೇ ಇದ್ದಿತು. ಹದಿನೈದು ದಿನಗಳ ತರುವಾಯ ದೂರು ದಾಖಲಾಯಿತು. ಕುರಿಗಳು ಸಿಕ್ಕಲಿಲ್ಲ. ಆದರೂ ತನ್ನ ಹೆಸರಿದ್ದ ಆ ಪ್ರತಿಯನ್ನು ಆಕೆ ಮಗನ ಅಂಕಪಟ್ಟಿಯೊಡನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಸರಹದ್ದು ಯಾವುದೇ ಆಗಿರಲಿ, ಯಾವ ಠಾಣೆಯಲ್ಲಿಯಾದರೂ ದೂರನ್ನು ಕೊಡಬಹುದು. ಬಾಯಿಮಾತಿನ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ರುಜು ಪಡೆಯಬೇಕು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಇದಕ್ಕೆ ವ್ಯತಿರಿಕ್ತವಾಗಿ, ತನಿಖೆಯ ಕಾಲದಲ್ಲಿ ಸಾಕ್ಷಿಯು ಹೇಳಿ ಪೋಲೀಸರು ಬರೆದುಕೊಂಡ ಹೇಳಿಕೆಗೆ ರುಜು ಹಾಕಿಸಕೂಡದು. ನಮ್ಮ ಹಳ್ಳಿಗರು ಇದನ್ನು ತಿಳಿಯದೆ ಎಲ್ಲದಕ್ಕೂ ಹೆಬ್ಬೆಟ್ಟನ್ನು ಒತ್ತುವರು. ಹೆಂಗಸರನ್ನೂ ಹದಿನೈದರೊಳಗಿನ ಹುಡುಗರನ್ನೂ ಅರವತ್ತು ದಾಟಿದವರನ್ನೂ ಸಾಕ್ಷ್ಯಕ್ಕಾಗಿ ಠಾಣೆಗೆ ಕರೆಸಕೂಡದು, ಅವರಿದ್ದಲ್ಲಿಗೇ ಹೋಗಿ ಕೇಳಬೇಕು. ಹಳೆಯ ಸಂಹಿತೆಯಲ್ಲಿ ಈ ವಯಸ್ಸು ಅರವತ್ತೈದಾಗಿದ್ದಿತು. ಹೊಸದು ನನ್ನಂತಹವರಿಗೆ ಐದು ವರ್ಷಗಳ ಉಪಕಾರವನ್ನು ಮಾಡಿದೆ.

ಈಗ ಕುಷ್ಟಗಿ ತಾಲೂಕಿಗೆ ಬರೋಣ. 2021ರ ಸೆಪ್ಟೆಂಬರ್ 4ರಂದು ಮಿಯಾಪುರವೆಂಬ ಗ್ರಾಮದಲ್ಲಿ ಎರಡು ವರ್ಷದ ದಲಿತ ಬಾಲಕನೊಬ್ಬನು ತಂದೆಯು ಹೊರಗೆ ನಿಂತು ಕೈಮುಗಿಯುತ್ತಿರುವಾಗ ಆಂಜನೇಯನ ಗುಡಿಯೊಳಕ್ಕೆ ಓಡಿಹೋದನು. ಊರಿನ ಕೆಲವರು ಸಭೆ ಸೇರಿ ಶುದ್ಧೀಕರಣಕ್ಕೆಂದು ಸುಮಾರು 25,000 ರೂಪಾಯಿ ದಂಡವನ್ನು ಕೇಳಿದರು. ದಂಡವನ್ನು ವಿಧಿಸುವ ಅಧಿಕಾರವನ್ನು ಇವರಿಗೆ ಯಾವ ಸ್ಮೃತಿಯು ಕೊಟ್ಟಿತು? ಅರಸನು ಅನ್ಯಾಯವಾಗಿ ತೆಗೆದುಕೊಂಡರೇ ಅಪಹಾರದೋಷವೆಂದು ವಿಜ್ಞಾನೇಶ್ವರನು ಹೇಳಿರುವಾಗ, ಅರಸರಲ್ಲದವರು ಕೇಳುವ ದಂಡಕ್ಕೆ ಏನೆನ್ನಬೇಕು? ಇರಲಿ. ಆ ಮನೆಯವರು ದೂರು ಕೊಡಲು ಮುಂದೆ ಬರಲಿಲ್ಲ. ಅದೇ ಊರಿನಲ್ಲಿ ನಾಳೆಯೂ ನೀರು ತರಬೇಕು, ಕೂಲಿಗೆ ಹೋಗಬೇಕು. ಅವರ ಹಿಂಜರಿಕೆಯು ಅರ್ಥವಾಗುವಂತಹುದೇ. ಕಡೆಗೆ ಸಮಾಜಕಲ್ಯಾಣ ಇಲಾಖೆಯ ಅಧಿಕಾರಿಯೇ ಫಿರ್ಯಾದಿಯಾದರು, ಐವರ ಬಂಧನವಾಯಿತು. ಅರಸನ ಪುರುಷನು ತಾನಾಗಿ ವ್ಯವಹಾರವನ್ನು ಎಬ್ಬಿಸಬಾರದೆಂಬ ಹಳೆಯ ವಿಧಿಯು ಮುರಿದುದು ಇಲ್ಲಿ. ಮುರಿದುದರಿಂದಲೇ ನ್ಯಾಯದ ಕದವು ತೆರೆಯಿತು. ಮನುವಿಗಿಂತ ನಮ್ಮ ಶಾಸನಸಭೆಗಳು ಒಂದು ವಿಷಯವನ್ನು ಹೆಚ್ಚಾಗಿ ಬಲ್ಲುವು: ಮೌನವೆಲ್ಲವೂ ಸಮ್ಮತಿಯಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯ ನಾಲ್ಕನೆಯ ಕಲಮು, ಕರ್ತವ್ಯವನ್ನು ಬೇಕೆಂದೇ ಅಲಕ್ಷ್ಯಮಾಡುವ ಸರಕಾರಿ ನೌಕರನಿಗೂ ಶಿಕ್ಷೆಯನ್ನು ಹೇಳುವುದು.

ಗಂಗಾವತಿ ತಾಲೂಕಿನ ಮರಕುಂಬಿಯ ಸಂಗತಿಯು ಇದಕ್ಕಿಂತ ಘೋರವಾದುದು. 2014ರ ಆಗಸ್ಟ್ 28ರಂದು, ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಹುಟ್ಟಿದ ಕಲಹದ ನೆಪದಿಂದ, ಆ ಊರಿನ ದಲಿತರ ಕೇರಿಯ ಮೇಲೆ ಗುಂಪು ಬಿದ್ದು ಜನರನ್ನು ಹೊಡೆದು ಗುಡಿಸಲುಗಳಿಗೆ ಬೆಂಕಿಯಿಟ್ಟಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸತ್ರ ನ್ಯಾಯಾಲಯವು 101 ಜನರನ್ನು ಅಪರಾಧಿಗಳೆಂದು ನಿರ್ಣಯಿಸಿ, 98 ಜನರಿಗೆ ಜೀವಾವಧಿಯನ್ನೂ ಮೂವರಿಗೆ ಐದು ವರ್ಷಗಳ ಸೆರೆವಾಸವನ್ನೂ ವಿಧಿಸಿತು. ಇಷ್ಟು ಜನರಿಗೆ ಒಂದೇ ದಿನ ಜೀವಾವಧಿಯ ಶಿಕ್ಷೆಯಾದುದರಿಂದ ಕೊಪ್ಪಳದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಸಂಖ್ಯೆಯನ್ನು ಕಂಡು ಬೆರಗಾದವರು ನಡುವಿನ ಹತ್ತು ವರ್ಷಗಳನ್ನು ಎಣಿಸಲಿಲ್ಲ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಇಂತಹ ಮೊಕದ್ದಮೆಗಳನ್ನು ಆರೋಪಪತ್ರ ಸಲ್ಲಿಸಿದ ಎರಡು ತಿಂಗಳೊಳಗಾಗಿ ಸಾಧ್ಯವಾದ ಮಟ್ಟಿಗೆ ಮುಗಿಸಬೇಕು. ಹತ್ತು ವರ್ಷಗಳವರೆಗೆ ಸಾಕ್ಷಿಗಳು ಮರಕುಂಬಿಯಿಂದ ಕೊಪ್ಪಳಕ್ಕೆ ಕೂಲಿಯನ್ನು ಬಿಟ್ಟು ಬಂದುಹೋಗಬೇಕಾಯಿತು; ಸಂಜೆ ಮರಳಬೇಕಾದುದು ಅದೇ ಊರಿಗೆ, ಆರೋಪಿಗಳ ಮನೆಗಳ ಮುಂದಿನ ಅದೇ ದಾರಿಯಿಂದ. ಇಂತಹ ದಾರಿಯಲ್ಲಿ ನಡೆದೂ ಸಾಕ್ಷ್ಯವನ್ನು ನಿಲ್ಲಿಸಿದವರ ಹೆಸರುಗಳನ್ನು ಯಾವ ಶಾಸನವೂ ಕೊರೆಯದು.

ಅದೇ ವರ್ಷದ ನವೆಂಬರ್‌ನಲ್ಲಿ ಧಾರವಾಡದ ಪೀಠವು ಮೇಲ್ಮನವಿ ಸಲ್ಲಿಸಿದವರಲ್ಲಿ ಬಹುತೇಕರಿಗೆ ಜಾಮೀನನ್ನು ಕೊಟ್ಟಿತು. ಇದರಿಂದ ಕೆಲವರು ಕುಪಿತರಾದರು. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಕಾರಣವಿಲ್ಲ. ನೂರೊಂದು ಜನರಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಏನಿತ್ತು, ಪ್ರತಿಯೊಬ್ಬನು ಎಲ್ಲಿ ನಿಂತಿದ್ದನು ಎಂಬುದನ್ನು ಮೇಲಿನ ನ್ಯಾಯಾಲಯವು ಪುನಃ ನೋಡಬೇಕೆಂಬುದು ಯಾಜ್ಞವಲ್ಕ್ಯನ ಮಾತೂ ಹೌದು, ಸಂವಿಧಾನದ ಮಾತೂ ಹೌದು. ಗುಂಪಿಗೆ ತಪ್ಪು ಹೊರಿಸಿ ಶಿಕ್ಷಿಸುವುದು 1858ರ ದಂಡಿನವರ ರೀತಿ. ಆದರೆ ತಿದ್ದುಪಡಿಯಾದ ಅದೇ ಕಾಯಿದೆಯ ಹದಿನೈದು-ಎ ಕಲಮಿನಲ್ಲಿ, ಜಾಮೀನಿನ ವಿಚಾರಣೆಯ ದಿನವನ್ನು ನೊಂದವರಿಗೆ ತಿಳಿಸಬೇಕು, ಅವರ ಮಾತನ್ನೂ ಕೇಳಬೇಕು, ಸಾಕ್ಷಿಗಳಿಗೆ ಪ್ರಯಾಣದ ವೆಚ್ಚವನ್ನೂ ರಕ್ಷಣೆಯನ್ನೂ ಒದಗಿಸಬೇಕು ಎಂದಿದೆ. ಪರಿಶಿಷ್ಟರಿಗೂ ಹೆಂಗಸರಿಗೂ ಬಂಧನದಲ್ಲಿರುವವರಿಗೂ ಆದಾಯವನ್ನು ನೋಡದೆ ವಕೀಲನನ್ನು ಪುಕ್ಕಟೆಯಾಗಿ ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯಿದೆಯ ಹನ್ನೆರಡನೆಯ ಕಲಮು ಹೇಳುವುದು. ಅರ್ಜಿಯನ್ನು ಕೊಡಬೇಕಾದ ತಾಲೂಕು ಸಮಿತಿಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕರಲ್ಲಿಯೂ ಕೋರ್ಟಿನ ಆವರಣದಲ್ಲಿಯೇ ಇವೆ. ಬಸ್ಸಿನಿಂದಿಳಿದು ಕೇಳಿದರೆ ಯಾರಾದರೂ ತೋರಿಸುವರು.